ಹಳೆ ಜೀಪಿನ ಡಿಫರೆನ್ಷಿಯಲ್: ಸೆಟ್ ಬದಲಿಸುವ ಮುಂಚೆ ಆಯಿಲ್ ನೋಡಿ

ಖಂಡೇ ಪೂಜೆ (ಆಯುಧ ಪೂಜೆ) ಬಂತೆಂದರೆ ಬೆಳಗಾವಿಯ ಹಳೆ ಜೀಪುಗಳೆಲ್ಲ ಫಳಫಳ ಹೊಳೆಯುತ್ತವೆ. ಬಾನೆಟ್ ಮೇಲೆ ಚೆಂಡು ಹೂವಿನ ಹಾರ, ಗಾಲಿ ಕೆಳಗೆ ಲಿಂಬೆಹಣ್ಣು. ಬಗ್ಗಿ ಕೆಳಗೆ ನೋಡಿದರೆ ಮಾತ್ರ ಹಿಂದಿನ ಹೌಸಿಂಗ್ ಮೇಲೆ, ಅಂದರೆ ಎರಡು ಗಾಲಿಗಳ ನಡುವೆ ಡಿಫರೆನ್ಷಿಯಲ್ ಗೇರುಗಳಿರುವ ಕಬ್ಬಿಣದ ಪೆಟ್ಟಿಗೆಯ ಮೇಲೆ, ಮಳೆಗಾಲದ ಕೆಸರು ಹಾಗೇ ಒಣಗಿ ಕೂತಿರುತ್ತದೆ. ಎಣ್ಣೆ ತಡೆಯುವ ಪಿನಿಯನ್ ಸೀಲ್ ಹತ್ತಿರ ಎಣ್ಣೆಯ ಕರಿ ಕಲೆ, ಅದರ ಮೇಲೆ ಧೂಳು. ಆಮೇಲೆ ಒಂದು ದಿನ ಹಿಂದಿನಿಂದ 'ಊಂ' ಅಂತ ಸದ್ದು ಶುರುವಾಗುತ್ತದೆ. ಗ್ಯಾರೇಜಿಗೆ ಹೋದರೆ ಮಿಸ್ತ್ರಿ ಎರಡು ನಿಮಿಷ ಕೇಳಿ, "ಸಾಹೇಬ್ರ, ಕ್ರೌನ್ ಪಿನಿಯನ್ ಹೋಗೇದ್ರಿ, ಸೆಟ್ ಬದಲ್ ಮಾಡ್ಬೇಕ್ರಿ" ಅಂತಾರೆ.

ಅವರು ಹೇಳಿದ್ದು ನಿಜವೂ ಇರಬಹುದು. ಆದರೆ ಹಳೆ ಮಹೀಂದ್ರಾ ಜೀಪು, ಮಾರುತಿ ಜಿಪ್ಸಿಗಳ ಡಿಫರೆನ್ಷಿಯಲ್ ವಯಸ್ಸಾಯಿತು ಅಂತ ಸಾಯುವುದು ಕಡಿಮೆ. ನೀರು ಒಳಗೆ ಹೋಗಿ ಅಥವಾ ಆಯಿಲ್ ಕಡಿಮೆಯಾಗಿ ಸಾಯುವುದೇ ಜಾಸ್ತಿ. ಇವೆರಡನ್ನೂ ಮನೆ ಅಂಗಳದಲ್ಲೇ ನೋಡಿ ತಿಳಿಯಬಹುದು. ಅದಕ್ಕೆ ಒಂದು ಭಾನುವಾರ ಸಾಕು.

ಒಳಗೆ ಏನಿದೆ

ಗೇರ್‌ಬಾಕ್ಸ್ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಸಣ್ಣ ಪಿನಿಯನ್ ಗೇರನ್ನು ತಿರುಗಿಸುತ್ತದೆ. ಪಿನಿಯನ್ ದೊಡ್ಡ ಕ್ರೌನ್ ವೀಲನ್ನು ತಿರುಗಿಸುತ್ತದೆ. ಕ್ರೌನ್ ಬೋಲ್ಟ್ ಆಗಿರುವ ಕೇಜಿನ ಒಳಗೆ ಒಂದು ಅಡ್ಡ ಪಿನ್, ಅದರ ಮೇಲೆ ಸ್ಟಾರ್ ಗೇರುಗಳು. ತಿರುವಿನಲ್ಲಿ ಹೊರಗಿನ ಗಾಲಿ ಜೋರಾಗಿ, ಒಳಗಿನ ಗಾಲಿ ನಿಧಾನವಾಗಿ ಓಡಲು ಬಿಡುವುದು ಈ ಸ್ಟಾರ್ ಗೇರುಗಳೇ. ನೇರ ರಸ್ತೆಯಲ್ಲಿ ಇವು ತಮ್ಮ ಪಿನ್ ಮೇಲೆ ಹೆಚ್ಚುಕಮ್ಮಿ ತಿರುಗುವುದೇ ಇಲ್ಲ.

ಹಳೆ ಮಹೀಂದ್ರಾ ಜೀಪಿನ ಹೌಸಿಂಗ್‌ಗೆ ಒಂದು ಕಡೆ ತಗಡಿನ ಕವರ್ ಇರುತ್ತದೆ. ಸುತ್ತ ಬೋಲ್ಟ್. ಅದನ್ನು ಬಿಚ್ಚಿದರೆ ಕ್ರೌನ್ ಕಣ್ಣೆದುರಿಗೆ. ಜಿಪ್ಸಿ ಹಾಗಲ್ಲ. ಹಿಂದಿನ ಹೌಸಿಂಗ್‌ನ ಬೆನ್ನು ಮುಚ್ಚಿಯೇ ಇರುತ್ತದೆ, ಡಿಫರೆನ್ಷಿಯಲ್ ಪೂರ್ತಿ ಗಡ್ಡೆಯಾಗಿ ಮುಂದುಗಡೆಯಿಂದ ಹೊರಗೆ ಬರುತ್ತದೆ. ಅದಕ್ಕೆ ಮೊದಲು ಎರಡೂ ಆಕ್ಸಲ್ ಶಾಫ್ಟ್ ಎಳೆಯಬೇಕು. ಹಾಗಾಗಿ ಜಿಪ್ಸಿಯವರು ಮನೆಯಲ್ಲಿ ಆಯಿಲ್ ನೋಡಿ ಬದಲಿಸುವ ತನಕ ಮಾಡಿ, ಒಳಗಿನದನ್ನು ಗ್ಯಾರೇಜಿಗೆ ಬಿಡುವುದು ಮೇಲು.

ನಮ್ಮ ಕಡೆ ಹಾಳಾಗುವ ರೀತಿ

ಖಾನಾಪುರ ದಾಟಿ ಜಾಂಬೋಟಿ, ಕಣಕುಂಬಿ ಕಡೆ ಮಳೆಗಾಲದಲ್ಲಿ ಹೋಗುವವರಿಗೆ ಹಳ್ಳ ದಾಟುವುದು ಹೊಸದಲ್ಲ. ಅರ್ಧ ಗಂಟೆ ಓಡಿದ ಹೌಸಿಂಗ್ ಚೆನ್ನಾಗಿ ಬಿಸಿಯಾಗಿರುತ್ತದೆ. ಒಳಗಿನ ಗಾಳಿಯೂ ಬಿಸಿ. ಆ ಬಿಸಿ ಹೌಸಿಂಗ್ ತಣ್ಣನೆಯ ಹಳ್ಳದ ನೀರಿಗೆ ಇಳಿದ ತಕ್ಷಣ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಜಾಗಕ್ಕೆ ಏನಾದರೂ ಬರಲೇಬೇಕು. ಹೌಸಿಂಗ್ ಉಸಿರಾಡುವ ಸಣ್ಣ ತೂತು, ಅಂದರೆ ಬ್ರೀದರ್, ನೀರಿನ ಮೇಲಿದ್ದು ತೆರೆದಿದ್ದರೆ ಗಾಳಿ ಬರುತ್ತದೆ. ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಸೀಲಿನ ತುಟಿಯಿಂದ ನೀರು ಎಳೆದುಕೊಳ್ಳುತ್ತದೆ. ಬ್ರೀದರೇ ನೀರಿನಲ್ಲಿ ಮುಳುಗಿದ್ದರೆ ಅಲ್ಲಿಂದಲೇ ಒಳಗೆ. ಸೀಲ್ ಹೊಸದು, ನೀರು ಹೇಗೆ ಹೋಯ್ತು ಅಂತ ತಲೆ ಕೆಡಿಸಿಕೊಳ್ಳುವವರು ಮೊದಲು ಬ್ರೀದರ್ ನೋಡಬೇಕು.

ಬಾಗಲಕೋಟೆ, ವಿಜಯಪುರದ ಎರೆ ಮಣ್ಣಿನಲ್ಲಿ ಕಥೆಯೇ ಬೇರೆ. ಹಸಿ ಎರೆಯಲ್ಲಿ ಗಾಡಿ ಹೂತರೆ ಒಂದು ಗಾಲಿ ಗಟ್ಟಿ ನಿಲ್ಲುತ್ತದೆ, ಇನ್ನೊಂದು ಗಿರಗಿರ ತಿರುಗುತ್ತದೆ. ಡ್ರೈವರ್ ಆಕ್ಸಲರೇಟರ್ ಒತ್ತುತ್ತಲೇ ಇರುತ್ತಾನೆ. ಆಗ ಸ್ಟಾರ್ ಗೇರುಗಳು ಎಂದೂ ತಿರುಗದಷ್ಟು ಜೋರಾಗಿ ಪಿನ್ ಮೇಲೆ ತಿರುಗುತ್ತವೆ. ಅಲ್ಲಿಗೆ ಆಯಿಲ್ ತಲುಪುವುದೇ ಕಡಿಮೆ. ಸ್ವಲ್ಪ ಹೊತ್ತಿನಲ್ಲಿ ಪಿನ್ ಬಿಸಿಯಾಗಿ ಗೇರಿಗೆ ಹಿಡಿದುಕೊಳ್ಳುತ್ತದೆ. ಕ್ರೌನ್ ಪಿನಿಯನ್‌ಗೆ ಏನೂ ಆಗಿರುವುದಿಲ್ಲ, ಒಳಗಿನ ಅಡ್ಡ ಪಿನ್ ಮಾತ್ರ ಸವೆದು ಹೋಗಿರುತ್ತದೆ. ಒಂದೇ ಗಾಲಿ ತಿರುಗುತ್ತಿದೆ ಅಂದರೆ ಕಾಲು ತೆಗೆಯಿರಿ, ಟ್ರ್ಯಾಕ್ಟರ್ ಕರೆಸಿ. ಹಗ್ಗದ ಖರ್ಚೇ ಅಗ್ಗ.

ಕಬ್ಬಿನ ಸೀಮೆಯವರಿಗೆ ಇನ್ನೊಂದು ಮಾತು. ಹೊಲದ ರವದಿ, ಗೊಬ್ಬರ ಚೀಲದ ಪ್ಲಾಸ್ಟಿಕ್ ದಾರ, ಪ್ರೊಪೆಲ್ಲರ್ ಶಾಫ್ಟ್ ಕೂಡುವ ಪಿನಿಯನ್ ಫ್ಲ್ಯಾಂಜ್‌ಗೆ ಸುತ್ತಿಕೊಂಡು ಸೀಲಿನ ತುಟಿಯನ್ನು ಕೊಯ್ಯುತ್ತದೆ. ವಾರಕ್ಕೊಮ್ಮೆ ಬಗ್ಗಿ ನೋಡಿ ಕತ್ತರಿಸಿ ತೆಗೆದರೆ ಮುಗಿಯಿತು.

ಸದ್ದು ಕೇಳುವುದು

ಪಾನಾ ಹಿಡಿಯುವ ಮುಂಚೆ ಒಂದು ಸುತ್ತು ಓಡಿಸಿ. ಖಾಲಿ ನೇರ ರಸ್ತೆ ಬೇಕು. ರೇಡಿಯೋ ಬಂದ್. ಪಕ್ಕದಲ್ಲಿ ಇನ್ನೊಬ್ಬರು ಕೂತಿದ್ದರೆ ಒಳ್ಳೆಯದು.

ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಬಂದಾಗ ಸದ್ದು ಬದಲಾಯಿತೇ? ಹಾಗಾದರೆ ಅದು ಟಯರು. ದಪ್ಪ ಗುಬಟಿನ ಟಯರ್ ಹಾಕಿಸಿ ಡಿಫರೆನ್ಷಿಯಲ್ ಮೇಲೆ ತಪ್ಪು ಹೊರಿಸುವವರು ಬಹಳ. ಸ್ಟೇರಿಂಗ್ ಸ್ವಲ್ಪ ಎಡಕ್ಕೆ ಬಲಕ್ಕೆ ಎಳೆದಾಗ ಸದ್ದು ಏರಿಳಿದರೆ ಗಾಲಿಯ ಬೇರಿಂಗ್ ನೋಡಿ. ಆಕ್ಸಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಆದರೆ ಆಗ ಕ್ರೌನ್ ಪಿನಿಯನ್ ಮೇಲೆ ಅನುಮಾನ ಪಡಬಹುದು. ಒತ್ತಿದರೂ ಬಿಟ್ಟರೂ ಒಂದೇ ಸಮ ಗುರ್ ಅನ್ನುತ್ತಾ ವೇಗದ ಜೊತೆ ಏರಿದರೆ ಬೇರಿಂಗ್. ತಿರುವಿನಲ್ಲಿ ಮಾತ್ರ ಕಟಕಟ ಅಂದರೆ ಸ್ಟಾರ್ ಗೇರು. ಗೇರ್ ಹಾಕಿ ಕ್ಲಚ್ ಬಿಟ್ಟಾಗ 'ಟಕ್' ಅಂದರೆ ಹೆಚ್ಚಿನ ಸಲ ಅದು ಪ್ರೊಪೆಲ್ಲರ್‌ನ ಜಾಯಿಂಟ್ ಕ್ರಾಸ್. ಅಗ್ಗದ ಸಾಮಾನು, ಮೊದಲು ಅದನ್ನೇ ನೋಡಿ.

ಗಾಲಿ ಎತ್ತಿ ನೋಡುವುದು

ಇಲ್ಲಿ ಒಂದು ಅಪಾಯವಿದೆ, ಗಮನವಿಟ್ಟು ಓದಿ. ಹಳೆಯ ಕೆಲವು ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಗಾಲಿಗೆ ಇಲ್ಲ, ಪ್ರೊಪೆಲ್ಲರ್ ಶಾಫ್ಟಿಗೆ ಇರುತ್ತದೆ. ಹಿಂದಿನ ಒಂದು ಗಾಲಿಯನ್ನು ಎತ್ತಿದ ಕೂಡಲೇ ಆ ಬ್ರೇಕ್ ಕೆಲಸಕ್ಕೆ ಬರುವುದಿಲ್ಲ. ಶಾಫ್ಟ್ ನಿಂತಿದ್ದರೂ ಎತ್ತಿದ ಗಾಲಿ ಉಲ್ಟಾ ತಿರುಗುತ್ತದೆ, ನೆಲದ ಮೇಲಿನ ಗಾಲಿ ಉರುಳುತ್ತದೆ, ಗಾಡಿ ಜಾಕ್‌ನಿಂದ ಜಾರುತ್ತದೆ. ಗೇರಿನಲ್ಲಿ ಬಿಟ್ಟರೂ ಅದೇ ಗತಿ. ಆದ್ದರಿಂದ ಸಮತಟ್ಟಾದ ಗಟ್ಟಿ ನೆಲ, ಮುಂದಿನ ಎರಡೂ ಗಾಲಿಗೆ ಹಿಂದೆ ಮುಂದೆ ಕಟ್ಟಿಗೆ ತುಂಡು, ಆಕ್ಸಲ್ ಕೆಳಗೆ ಎರಡು ಜಾಕ್ ಸ್ಟ್ಯಾಂಡ್. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಇಟ್ಟಿಗೆಯನ್ನೂ ನಂಬಬೇಡಿ, ಅದು ಹೇಳದೆ ಕೇಳದೆ ಒಡೆಯುತ್ತದೆ.

ಎರಡೂ ಹಿಂದಿನ ಗಾಲಿ ಮೇಲೆದ್ದ ಮೇಲೆ ಗೇರ್ ನ್ಯೂಟ್ರಲ್‌ಗೆ ತನ್ನಿ, ಹ್ಯಾಂಡ್‌ಬ್ರೇಕ್ ಬಿಡಿ. ಪಿನಿಯನ್ ಫ್ಲ್ಯಾಂಜನ್ನು ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಅಲುಗಬಾರದು. ಮುಂದೆ ಹಿಂದೆ ಎಳೆಯಿರಿ, ಆಗಲೂ ಅಲುಗಬಾರದು. ಕೈಗೆ ಗೊತ್ತಾಗುವಷ್ಟು ಅಲುಗಾಟ ಇದ್ದರೆ ಪಿನಿಯನ್ ಬೇರಿಂಗ್ ಸವೆದಿದೆ, ಗಾಡಿ ಓಡಿಸುವುದನ್ನು ನಿಲ್ಲಿಸಿ. ಪಿನಿಯನ್ ಅಲುಗಿದರೆ ಕ್ರೌನ್ ಹಲ್ಲಿನ ಜೊತೆ ಅದರ ಜಾಗ ತಪ್ಪುತ್ತದೆ. ನೂರಾರು ರೂಪಾಯಿಯ ಬೇರಿಂಗ್ ಸಾವಿರಾರು ರೂಪಾಯಿಯ ಸೆಟ್ ತಿಂದು ಹಾಕುವುದು ಹೀಗೆ.

ಈಗ ಫ್ಲ್ಯಾಂಜನ್ನು ಎಡಕ್ಕೆ ಬಲಕ್ಕೆ ತಿರುಗಿಸಿ. ಸ್ವಲ್ಪ ಆಟ ಇದ್ದೇ ಇರುತ್ತದೆ. ಇದನ್ನು ತೋರಿಸಿ "ನೋಡ್ರಿ, ಎಷ್ಟು ಪ್ಲೇ ಅದ" ಅಂತ ಹೆದರಿಸುವವರಿದ್ದಾರೆ. ಆ ಆಟದಲ್ಲಿ ಕ್ರೌನ್ ಪಿನಿಯನ್ನಿನದು ಒಂದು ಪಾಲು ಮಾತ್ರ. ಸ್ಟಾರ್ ಗೇರಿನದು, ಆಕ್ಸಲ್ ತುದಿಯ ಹಲ್ಲುಗಳ (ಸ್ಪ್ಲೈನ್) ಆಟ ಎಲ್ಲ ಸೇರಿರುತ್ತದೆ. ಹೊರಗಿನಿಂದ ನೋಡಿ ಸೆಟ್ ಹೋಗಿದೆ ಅಂತ ತೀರ್ಮಾನ ಮಾಡಲು ಆಗುವುದಿಲ್ಲ.

ಗಾಡಿ ಎತ್ತಿರುವಾಗಲೇ ಬ್ರೇಕ್ ಡ್ರಮ್‌ಗಳ ಒಳಬದಿ ನೋಡಿ. ಎಣ್ಣೆ ಇಳಿದಿದ್ದರೆ ಆಕ್ಸಲ್ ಸೀಲ್ ಹೋಗಿದೆ. ಬ್ರೇಕ್ ಹಿಡಿಯುವುದಿಲ್ಲ ಅನ್ನುವ ದೂರಿನ ಮೂಲ ಎಷ್ಟೋ ಸಲ ಇದೇ.

ಆಯಿಲ್ ಇಳಿಸುವುದು

ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಂದ ಮೇಲೆ ಇಳಿಸಿ. ಬೆಚ್ಚಗಿನ ಆಯಿಲ್ ಪೂರ್ತಿ ಇಳಿಯುತ್ತದೆ, ತಳದ ಕಸವನ್ನೂ ಜೊತೆಗೆ ತರುತ್ತದೆ.

ಮೊದಲು ಮೇಲಿನ ಪ್ಲಗ್ ಬಿಚ್ಚಿ, ಅಂದರೆ ಆಯಿಲ್ ತುಂಬುವ ಪ್ಲಗ್. ಆಮೇಲೆ ಕೆಳಗಿನದು. ಈ ಕ್ರಮ ತಪ್ಪಬಾರದು. ಆಯಿಲ್ ಎಲ್ಲ ಇಳಿಸಿದ ಮೇಲೆ ಮೇಲಿನ ಪ್ಲಗ್ ಜಾಮ್ ಆಗಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ ನಿಂತಂತೆ. ಜಾಮ್ ಆದ ಪ್ಲಗ್‌ಗೆ ಸುತ್ತಲಿನ ಮಣ್ಣು ಕೆರೆದು ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಬಿಡಿ. ಬೆಳಿಗ್ಗೆ ಸುತ್ತಿಗೆಯಿಂದ ಹಗುರವಾಗಿ ತಟ್ಟಿ, ಸರಿಯಾದ ಅಳತೆಯ ಕೀಲಿಯಿಂದ ಪ್ರಯತ್ನಿಸಿ. ಸಡಿಲ ಪಾನಾ ಹಾಕಿ ಮೂಲೆ ಸವೆಸಿದರೆ ವೆಲ್ಡಿಂಗ್ ಅಂಗಡಿಯೇ ಗತಿ. ಕೆಲವು ಹೌಸಿಂಗ್‌ಗಳಿಗೆ ಕೆಳಗಿನ ಪ್ಲಗ್ ಇರುವುದಿಲ್ಲ. ಅವಕ್ಕೆ ಕವರ್ ಬಿಚ್ಚಿಯೇ ಆಯಿಲ್ ಇಳಿಸಬೇಕು.

ಮೇಲಿನ ಪ್ಲಗ್ ಬಿಚ್ಚಿದಾಗಲೇ ಕಿರುಬೆರಳು ಹಾಕಿ ಮಟ್ಟ ನೋಡಿ. ತೂತಿನ ಅಂಚಿಗೆ ಆಯಿಲ್ ತಾಗಬೇಕು. ಕೆಳಗಿದ್ದರೆ ಎಲ್ಲೋ ಸೋರಿದೆ. ಅಂಚಿಗಿಂತ ಜಾಸ್ತಿ ಇದ್ದು ಹೊರಗೆ ಹರಿದರೆ ಖುಷಿಪಡಬೇಡಿ, ನೀರು ಸೇರಿದೆ ಅಂತ ಅರ್ಥ ಇರಬಹುದು.

ಆಯಿಲ್ ಏನು ಹೇಳುತ್ತದೆ

ಹಳೆ ಆಯಿಲನ್ನು ಅಗಲವಾದ ಶುಭ್ರ ತಟ್ಟೆಯಲ್ಲಿ ಹಿಡಿಯಿರಿ. ಬಿಸಿಲಿಗೆ ತಂದು ನೋಡಿ. ಇಡೀ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ಇಲ್ಲೇ, ನೀವೂ ಅವಸರ ಮಾಡಬೇಡಿ.

ಕಪ್ಪಗಿದೆ, ಕೊಳೆತ ಮೊಟ್ಟೆಯ ಹಾಗೆ ಗಂಧಕದ ವಾಸನೆ ಇದೆ: ಹೆದರಬೇಕಿಲ್ಲ. ಗೇರ್ ಆಯಿಲಿನಲ್ಲಿ ಗಂಧಕದ ಅಂಶ ಇರುವುದೇ ಹಾಗೆ. ಸುಟ್ಟ ವಾಸನೆ ಬಂದರೆ ಮಾತ್ರ ಯೋಚಿಸಿ, ಆಯಿಲ್ ಕಡಿಮೆಯಾಗಿ ಒಳಗೆ ಕಾದಿದೆ. ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಅನುಮಾನ ಇದ್ದರೆ ಬಿಸಿ ಮಾಡಿದ ಹಳೆ ಸೌಟಿಗೆ ಒಂದೇ ಹನಿ ಬಿಡಿ. ಮುಖ ದೂರ ಇರಲಿ, ಕಣ್ಣಿಗೆ ಕನ್ನಡಕ ಇರಲಿ. ಚಟಪಟ ಸಿಡಿದರೆ ನೀರಿದೆ. ಆ ಸೌಟು ಮತ್ತೆ ಅಡುಗೆ ಮನೆಗೆ ಹೋಗದಿರಲಿ.

ಇನ್ನು ಲೋಹ. ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಆಯಿಲಿನಲ್ಲಿ ಆಡಿಸಿ. ಬೂದು ಬಣ್ಣದ ನುಣ್ಣನೆ ಲೇಪ ಅಂಟಿದರೆ ಅದು ಮಾಮೂಲಿ ಸವೆತ. ಉಗುರಿಗೆ ಸಿಗುವಂಥ ಚೂರು, ಹೊಳೆಯುವ ಸಿಪ್ಪೆ ಸಿಕ್ಕರೆ ಬೇರಿಂಗ್ ಅಥವಾ ಹಲ್ಲಿನ ಮೇಲ್ಮೈ ಕಿತ್ತು ಬರುತ್ತಿದೆ. ಹಲ್ಲಿನ ತುಂಡೇ ಸಿಕ್ಕರೆ ಗಾಡಿಯನ್ನು ಒಂದು ಮೀಟರ್ ಕೂಡ ಓಡಿಸಬೇಡಿ. ಆ ತುಂಡು ಮತ್ತೆ ಹಲ್ಲಿನ ನಡುವೆ ಸಿಕ್ಕಿದರೆ ಹೌಸಿಂಗೇ ಸೀಳಬಹುದು.

ಬರೀ ನೀರು ಸೇರಿದೆ, ಚೂರು ಏನೂ ಇಲ್ಲ ಅಂದರೆ ಬಿಚ್ಚುವ ಮಾತು ಬೇಡ. ಅಗ್ಗದ ಗೇರ್ ಆಯಿಲ್ ತುಂಬಿ, ಇಪ್ಪತ್ತು ಮೂವತ್ತು ಕಿಲೋಮೀಟರ್ ನಿಧಾನವಾಗಿ ಓಡಿಸಿ, ಬಿಸಿಯಿದ್ದಾಗಲೇ ಇಳಿಸಿ. ಬಣ್ಣ ಇನ್ನೂ ಬೆಳ್ಳಗಿದ್ದರೆ ಇನ್ನೊಂದು ಸಲ. ಆಮೇಲೆ ಒಳ್ಳೆಯ ಆಯಿಲ್. ಆದರೆ ತಡ ಮಾಡಬೇಡಿ. ನೀರು ಸೇರಿದ ಗಾಡಿಯನ್ನು ಮಳೆಗಾಲ ಪೂರ್ತಿ ನಿಲ್ಲಿಸಿಟ್ಟರೆ ಬೇರಿಂಗ್ ರೋಲರುಗಳ ಮೇಲೆ ತುಕ್ಕಿನ ಗೆರೆ ಬೀಳುತ್ತದೆ. ಆಮೇಲೆ ಎಂಥ ಆಯಿಲ್ ಹಾಕಿದರೂ ಸದ್ದು ಹೋಗದು.

ಕವರ್ ತೆಗೆದು ನೋಡುವವರಿಗೆ

ಮೊದಲು ಕವರಿನ ಸುತ್ತ ಕಬ್ಬಿಣದ ಬ್ರಷ್‌ನಿಂದ ಕೆರೆದು ಶುಚಿ ಮಾಡಿ. ಇಲ್ಲದಿದ್ದರೆ ಖಾನಾಪುರದ ಕೆಂಪು ಮಣ್ಣೆಲ್ಲ ಒಳಗೆ. ಕೆಳಗಿನ ಬೋಲ್ಟ್‌ಗಳನ್ನು ಪೂರ್ತಿ ತೆಗೆಯಿರಿ, ಮೇಲಿನ ಎರಡನ್ನು ಸಡಿಲ ಮಾಡಿ ಬಿಡಿ. ಕೆಳಗಿನಿಂದ ಮೆಲ್ಲಗೆ ಎಬ್ಬಿದರೆ ಉಳಿದ ಆಯಿಲ್ ಇಳಿಯುತ್ತದೆ, ಕವರ್ ಮುಖದ ಮೇಲೆ ಬೀಳುವುದಿಲ್ಲ.

ಗಾಲಿ ತಿರುಗಿಸುತ್ತಾ ಕ್ರೌನಿನ ಒಂದೊಂದು ಹಲ್ಲನ್ನೂ ಟಾರ್ಚ್ ಬೆಳಕಿನಲ್ಲಿ ನೋಡಿ. ಹಲ್ಲಿನ ಮುಖ ನುಣ್ಣಗೆ ಹೊಳೆಯಬೇಕು. ಸಣ್ಣ ಗುಳಿ, ಗೀರು, ಮುರಿದ ಅಂಚು, ನೀಲಿ ಬಣ್ಣಕ್ಕೆ ತಿರುಗಿದ ಜಾಗ ಇವೆಲ್ಲ ಕೆಟ್ಟ ಸೂಚನೆ. ಕ್ರೌನಿನ ಬೋಲ್ಟ್‌ಗಳು ಬಿಗಿಯಾಗಿವೆಯೇ, ಅಡ್ಡ ಪಿನ್ ತನ್ನ ಜಾಗದಲ್ಲಿ ಕೂತಿದೆಯೇ, ಅದರ ಸುತ್ತ ಸವೆದ ಜಾಗ ಕಾಣುತ್ತದೆಯೇ ನೋಡಿ.

ಡಯಲ್ ಗೇಜ್ ಇರುವ ಗೆಳೆಯರಿದ್ದರೆ ಕ್ರೌನಿನ ಆಟ ಅಳೆಯಬಹುದು. ಈ ಜಾತಿಯ ಆಕ್ಸಲ್‌ಗಳಲ್ಲಿ ಅದು ಸಾಮಾನ್ಯವಾಗಿ 0.10ರಿಂದ 0.25 ಮಿಲಿಮೀಟರ್ ಆಸುಪಾಸು. ನಿಮ್ಮ ಗಾಡಿಯ ಪುಸ್ತಕದಲ್ಲಿ ಇರುವುದೇ ಕೊನೆಯ ಮಾತು. ಮೂರು ನಾಲ್ಕು ಕಡೆ ಅಳೆಯಿರಿ. ಒಂದೊಂದು ಕಡೆ ಒಂದೊಂದು ಥರ ಬಂದರೆ ಕ್ರೌನ್ ಓರೆಯಾಗಿ ಕೂತಿದೆ.

ಮನೆಯ ಕೆಲಸ ಇಲ್ಲಿಗೆ ನಿಲ್ಲಲಿ. ಪಿನಿಯನ್ ಹೊರಗೆ ತೆಗೆಯುವುದು, ಶಿಮ್ (ಅಂತರ ಸರಿಮಾಡುವ ತೆಳು ತಗಡು) ಬದಲಿಸುವುದು, ಬೇರಿಂಗ್ ಒತ್ತುವುದು ಇವಕ್ಕೆ ಪ್ರೆಸ್ ಬೇಕು, ಅಳತೆ ಬೇಕು, ಕೈಗೆ ಅಭ್ಯಾಸ ಬೇಕು. ಕೂದಲೆಳೆಯಷ್ಟು ಶಿಮ್ ತಪ್ಪಿದರೂ ಚೆನ್ನಾಗಿದ್ದ ಸೆಟ್ ಕೂಗಲು ಶುರು ಮಾಡುತ್ತದೆ. ಕೆಲಸ ಕೊಡುವಾಗ ಮಿಸ್ತ್ರಿಗೆ ಎರಡು ಮಾತು ಹೇಳಿ. ಬೇರಿಂಗ್ ಕ್ಯಾಪ್‌ಗಳ ಎಡ ಬಲ ಗುರುತು ಪಂಚ್ ಮಾಡಿಯೇ ಬಿಚ್ಚಲಿ, ಅವು ಹೌಸಿಂಗ್ ಜೊತೆಗೇ ಕೊರೆದವು, ಅದಲುಬದಲಾದರೆ ಕೂರುವುದಿಲ್ಲ. ಕ್ರೌನ್ ಪಿನಿಯನ್ ಬದಲಿಸಿದರೆ ಜೋಡಿಯಾಗಿಯೇ ಬದಲಿಸಲಿ.

ಸೀಲ್ ಮತ್ತು ಬ್ರೀದರ್

ಪಿನಿಯನ್ ಸೀಲ್ ಬದಲಿಸುವ ಮುಂಚೆ ನಟ್ಟು ಮತ್ತು ಶಾಫ್ಟ್ ಮೇಲೆ ಒಂದೇ ಗೆರೆಯಲ್ಲಿ ಗುರುತು ಹಾಕಿ, ಹೊರಗೆ ಕಾಣುವ ಥ್ರೆಡ್ ಎಣಿಸಿಕೊಳ್ಳಿ. ಜಿಪ್ಸಿಯಂಥ ಗಾಡಿಗಳಲ್ಲಿ ಆ ನಟ್ಟಿನ ಹಿಂದೆ ಒತ್ತಿದರೆ ಕುಗ್ಗುವ ಸ್ಪೇಸರ್ ಇದೆ. ನಟ್ಟನ್ನು ಜೋಶ್‌ನಲ್ಲಿ ಬಿಗಿದರೆ ಸ್ಪೇಸರ್ ಇನ್ನಷ್ಟು ಕುಗ್ಗಿ ಬೇರಿಂಗ್ ಅತಿಯಾಗಿ ಬಿಸಿಯಾಗುತ್ತದೆ. ಹಳೆ ಗುರುತಿಗೆ ತಂದು ನಿಲ್ಲಿಸುವುದು ಮುಖ್ಯ.

ಹೊಸ ಸೀಲ್ ಹಾಕಿದ ಮೇಲೂ ಸೋರುತ್ತಿದೆಯೇ? ಫ್ಲ್ಯಾಂಜಿನ ಮೇಲೆ ಸೀಲ್ ಕೂರುವ ಜಾಗಕ್ಕೆ ಉಗುರು ಆಡಿಸಿ. ಅಲ್ಲಿ ಕೊರೆದ ಗೆರೆ ಬಿದ್ದಿದ್ದರೆ ಸೀಲ್ ಎಷ್ಟು ಸಲ ಬದಲಿಸಿದರೂ ಅಷ್ಟೇ. ಬೆಳಗಾವಿಯವರಿಗೆ ಇದು ಸಮಸ್ಯೆಯೇ ಅಲ್ಲ. ಕೈಗಾರಿಕಾ ಪ್ರದೇಶವಾದ ಉದ್ಯಮಬಾಗ್‌ನಲ್ಲಿ ಲೇತ್ ಇಟ್ಟವರಿಗೆ ತೋರಿಸಿದರೆ ಆ ಜಾಗಕ್ಕೆ ತೆಳು ಸ್ಲೀವ್ ಹಾಕಿ ಅಥವಾ ಲೋಹ ತುಂಬಿ ತಿರುವಿ ಕೊಡುತ್ತಾರೆ.

ಬ್ರೀದರ್ ಹೌಸಿಂಗ್ ಮೇಲ್ಭಾಗದಲ್ಲಿ ಕೂತ ಒಂದು ಪುಟ್ಟ ಟೊಪ್ಪಿಗೆ. ಕೆಸರಿನ ಕೆಳಗೆ ಹುಡುಕಬೇಕಾಗುತ್ತದೆ. ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಊದಿ ನೋಡಿ, ಗಾಳಿ ಹಾಯಬೇಕು. ಹಳ್ಳ ದಾಟುವ ಗಾಡಿಯಾದರೆ ಟೊಪ್ಪಿಗೆ ತೆಗೆದು ನಿಪ್ಪಲ್ ಹಾಕಿಸಿ, ಆಯಿಲ್ ತಡೆಯುವ ರಬ್ಬರ್ ಪೈಪನ್ನು ಚಾಸಿ ಮೇಲೆ ಎತ್ತರದವರೆಗೆ ಒಯ್ಯಿರಿ. ಸ್ಪ್ರಿಂಗ್ ಪಾಟೆ ಕುಣಿದಾಗ ಎಳೆಯದಷ್ಟು ಸಡಿಲ ಇರಲಿ. ಪೈಪಿನ ಬಾಯಿ ಕೆಳಮುಖ ಇರಲಿ. ಈ ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ.

ಮುಚ್ಚಿ ತುಂಬುವುದು

ಹಳೆ ಪ್ಯಾಕಿಂಗ್ ಪೂರ್ತಿ ಕೆರೆದು ತೆಗೆಯಿರಿ. ಎರಡೂ ಮುಖ ಎಣ್ಣೆ ಇಲ್ಲದಂತೆ ಒರೆಸಿ. ತಗಡಿನ ಕವರ್ ಬಾಗಿದ್ದರೆ ಸಮ ಮಾಡಿ. ಕಾಗದದ ಪ್ಯಾಕಿಂಗ್ ಆದರೂ ಸರಿ, ಸಿಲಿಕಾನ್ ಪೇಸ್ಟ್ ಆದರೂ ಸರಿ. ಪೇಸ್ಟ್ ಆದರೆ ತೆಳ್ಳಗೆ ಒಂದೇ ಎಳೆ, ಬೋಲ್ಟ್ ತೂತಿನ ಒಳಬದಿಯಿಂದ. ಧಾರಾಳವಾಗಿ ಮೆತ್ತಿದರೆ ಹೆಚ್ಚಾದದ್ದು ಒಳಗೆ ಉದುರಿ ಆಯಿಲ್ ದಾರಿಗೆ ಅಡ್ಡ ಬರುತ್ತದೆ. ಬೋಲ್ಟ್‌ಗಳನ್ನು ಎದುರು ಬದುರು ಬಿಗಿಯಿರಿ. ಪೇಸ್ಟ್ ಗಟ್ಟಿಯಾಗಲು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಿ.

ಆಯಿಲ್ ಅಂಗಡಿಯಲ್ಲಿ 'ತೊಂಬತ್ತು ನಂಬರ್ ಗೇರ್ ಆಯಿಲ್' ಅಂತ ಕೇಳಿದರೆ ಏನು ಬೇಕಾದರೂ ಕೊಡುತ್ತಾರೆ. ಡಬ್ಬಿಯ ಮೇಲೆ ದರ್ಜೆ ಜಿಎಲ್-5 ಅಂತ ಇರಬೇಕು, ಆಯಿಲಿನ ದಪ್ಪ 80ಡಬ್ಲ್ಯು-90 ಅಂತ ಇರಬೇಕು. ಕ್ರೌನ್ ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಜಾರುತ್ತವೆ. ಆ ಒತ್ತಡಕ್ಕೆ ಜಿಎಲ್-4 ಸಾಲದು. ಮಿಕ್ಕ ಜಿಎಲ್-5 ಆಯಿಲನ್ನು ಸುಮ್ನೆ ಗೇರ್‌ಬಾಕ್ಸಿಗೆ ಸುರಿಯಬೇಡಿ. ಅಲ್ಲಿನ ಹಿತ್ತಾಳೆ ರಿಂಗುಗಳಿಗೆ ಅದು ಆಗಿಬರದಿರಬಹುದು. ವಿಜಯಪುರದ ಬಿಸಿಲಿಗೆ 140 ಹಾಕಬೇಕು ಅನ್ನುವವರಿದ್ದಾರೆ. ಗಾಡಿಯ ಪುಸ್ತಕ ಒಪ್ಪಿದರೆ ಹಾಕಿ. ಸದ್ದು ಅಡಗಿಸಲು ದಪ್ಪ ಆಯಿಲ್ ಹಾಕುವುದು ಮಾತ್ರ ಗಾಡಿ ಮಾರುವವರ ಉಪಾಯ. ಕೊಳ್ಳುವವರು ಎಚ್ಚರ.

ಒಂದು ಹೌಸಿಂಗ್‌ಗೆ ಸುಮಾರು ಒಂದರಿಂದ ಎರಡು ಲೀಟರ್ ಹಿಡಿಯುತ್ತದೆ. ಲೀಟರ್ ಲೆಕ್ಕಕ್ಕಿಂತ ತೂತಿನ ಅಂಚೇ ಲೆಕ್ಕ. ನಿಧಾನವಾಗಿ ತುಂಬಿ, ಐದು ನಿಮಿಷ ಬಿಟ್ಟು ಮತ್ತೆ ತುಂಬಿ, ಅಂಚಿನಿಂದ ಹನಿ ಬಿದ್ದಾಗ ಪ್ಲಗ್ ಹಾಕಿ. ಹಳೆ ಆಯಿಲನ್ನು ಗೆದ್ದಲಿಗೆ ಮದ್ದು ಅಂತ ಕಟ್ಟಿಗೆಗೆ ಬಳಿಯುವುದು, ಬೇಲಿ ಬುಡಕ್ಕೆ ಸುರಿಯುವುದು ಬೇಡ, ಅದು ಬಾವಿಗೆ ಇಳಿಯುತ್ತದೆ. ಡಬ್ಬಿಗೆ ತುಂಬಿ ಹಳೆ ಆಯಿಲ್ ಕೊಳ್ಳುವ ಗ್ಯಾರೇಜಿಗೆ ಕೊಡಿ.

ಕಾರ ಹುಣ್ಣಿಮೆಗೆ ಮುಂಚೆ ಒಂದು ಸಲ ಮಟ್ಟ, ಬ್ರೀದರ್ ನೋಡಿ. ಮಳೆ ಮುಗಿದ ಮೇಲೆ ಆಯಿಲ್ ಬಣ್ಣ ನೋಡಿ. ಗಾಲಿಯ ಹಬ್ ಮುಳುಗುವಷ್ಟು ನೀರು ದಾಟಿದರೆ ಹಬ್ಬಕ್ಕೆ ಕಾಯಬೇಡಿ, ಮರುದಿನವೇ ನೋಡಿ. ಮುಂದಿನ ಹೌಸಿಂಗ್ ಮರೆಯಬೇಡಿ. ಹಬ್ ಫ್ರೀ ಮಾಡಿ, ಅಂದರೆ ಮುಂದಿನ ಗಾಲಿಗಳನ್ನು ಆಕ್ಸಲ್‌ನಿಂದ ಬಿಡಿಸಿ, ವರ್ಷಗಟ್ಟಲೆ ಓಡಿಸಿದರೆ ಮುಂದಿನ ಗೇರುಗಳು ತಿರುಗುವುದೇ ಇಲ್ಲ, ಮೇಲಿನ ಬೇರಿಂಗಿಗೆ ಆಯಿಲ್ ಸಿಗುವುದಿಲ್ಲ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಫೋರ್ ವೀಲ್ ಹಾಕಿ ಸ್ವಲ್ಪ ದೂರ ಓಡಿಸಿ. ಡಾಂಬರಿನ ಮೇಲೆ ಬೇಡ.

ಹಳೆ ಸೆಟ್ ಕೊಳ್ಳುವುದಾದರೆ

ಎಲ್ಲ ನೋಡಿದ ಮೇಲೂ ಸೆಟ್ ಹೋಗಿದ್ದೇ ನಿಜವಾದರೆ ಗುಜರಿಯ ಪೂರ್ತಿ ಆಕ್ಸಲ್ ಅಗ್ಗಕ್ಕೆ ಸಿಗಬಹುದು. ಆದರೆ ಹಿಂದಿನ ಮತ್ತು ಮುಂದಿನ ರೇಶಿಯೋ ಒಂದೇ ಇರಬೇಕು. ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಎರಡೂ ಆಕ್ಸಲ್ ಒಂದನ್ನೊಂದು ಎಳೆದಾಡಿ ಏನಾದರೂ ಮುರಿಯುತ್ತದೆ. ಕವರ್ ತೆಗೆದಿದ್ದರೆ ಹಲ್ಲು ಎಣಿಸಿ ಭಾಗಿಸಿ. ಕ್ರೌನ್ 43, ಪಿನಿಯನ್ 8 ಇದ್ದರೆ 5.38. ಕವರ್ ಮುಚ್ಚಿದ್ದರೆ ಒಂದು ಕಡೆಯ ಹಬ್ಬನ್ನು ಗಟ್ಟಿ ಹಿಡಿಸಿ, ಇನ್ನೊಂದು ಕಡೆಯದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಅಷ್ಟರಲ್ಲಿ ಪಿನಿಯನ್ ಫ್ಲ್ಯಾಂಜ್ ಎಷ್ಟು ಸುತ್ತು ತಿರುಗಿತೋ ಅದೇ ರೇಶಿಯೋ. ಇದನ್ನು ಮೊದಲು ನಿಮ್ಮ ಗಾಡಿಯಲ್ಲಿ ಮಾಡಿ, ಚೀಟಿಯಲ್ಲಿ ಬರೆದುಕೊಂಡು ಗುಜರಿಗೆ ಹೋಗಿ. ತಿರುಗಿಸಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.